ಮಂತ್ರಿಯ ಏಕಾದಶಿ

“ಗುರುಗಳೇ, ದೇವರಿಗೆ ಹೆದರುವವನು ಅಧಿಕಾರದಲ್ಲಿ ಕುಳಿತರೆ ರಾಜ್ಯಕ್ಕೆ ಒಳ್ಳೆಯದಾಗುವುದಿಲ್ಲವೇ?” ಎಂದು ಶೇಷಯ್ಯ ಕೇಳಿದ.

ಅವನು ಹನ್ನೆರಡು ವರ್ಷ ಮಠದಲ್ಲಿದ್ದು ಓದಿದವನು. ಮಂತ್ರಿಯಾಗಿ ಬಾ ಎಂದು ಅರಮನೆಯಿಂದ ಅವನಿಗೆ ಕರೆ ಬಂದಿತ್ತು. ದೊರೆಯ ಪಕ್ಕದಲ್ಲಿದ್ದರೆ ನಾಲ್ಕು ಜನಕ್ಕೆ ಉಪಕಾರ ಮಾಡಬಹುದು ಎಂಬ ಆಸೆ ಒಂದು ಕಡೆ. ಹೋದರೆ ತಾನೇ ಕೆಟ್ಟೇನು ಎಂಬ ಅಳುಕು ಇನ್ನೊಂದು ಕಡೆ. ಗುರುಗಳು ಹೋಗು ಎಂದುಬಿಟ್ಟರೆ ಸಾಕು ಎಂದು ಬಂದಿದ್ದ.

ಗುರುಗಳು ಹೋಗು ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. “ಕೂತುಕೋ” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದೊರೆಯಿದ್ದ. ಅಲ್ಲಿಯ ಕಟ್ಟಳೆ ಹೀಗಿತ್ತು: ದೊರೆ ಏನೇ ಅಪ್ಪಣೆ ಬರೆಸಲಿ, ಮಂತ್ರಿ ಮುದ್ರೆ ಒತ್ತುವ ತನಕ ಅದು ಬರೀ ಕಾಗದ. ದೊರೆಗೆ ಒಂದು ಕಡಿವಾಣವಿರಲಿ ಎಂದು ಹಿಂದಿನವರು ಮಾಡಿದ್ದು. ಪಾಪ, ಅವರು ಒಳ್ಳೆಯವರು. ಮಂತ್ರಿಗಳ ವಿಷಯ ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ.

ಆಗ ಇದ್ದ ಮಂತ್ರಿ ಹೊಟ್ಟೆಬಾಕ. ಊರಿನ ದನ ಮೇಯುವ ಹುಲ್ಲುಗಾವಲನ್ನು ಅರಮನೆಯ ಕುದುರೆಗಳಿಗೆ ಬಿಟ್ಟುಕೊಡಬೇಕು ಎಂಬ ಅಪ್ಪಣೆಗೆ ಅವನು ಎಲೆಯಡಿಕೆ ಜಗಿಯುತ್ತಲೇ ಮುದ್ರೆ ಒತ್ತಿದ. ಊರಿಗೆ ಊರೇ ಸಿಟ್ಟಿಗೆದ್ದಿತು. ಮೂರು ದಿನ ಯಾರ ಮನೆಯಲ್ಲೂ ಒಲೆ ಉರಿಯಲಿಲ್ಲ. ಹೆಂಗಸರು ಮಕ್ಕಳೆನ್ನದೆ ಎಲ್ಲರೂ ಬಂದು ಅರಮನೆಯ ಬಾಗಿಲಲ್ಲಿ ಕುಳಿತರು. ದೊರೆ ಅಪ್ಪಣೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಮಂತ್ರಿ ಊರು ಬಿಟ್ಟ.

ದೊರೆ ದಡ್ಡನಲ್ಲ. ಇಂಥವರನ್ನು ಇಟ್ಟುಕೊಂಡರೆ ತನ್ನ ಕೆಲಸ ಆಗುವುದಿಲ್ಲ ಎಂದು ತಿಳಿದುಕೊಂಡ. ಈ ಸಲ ಒಬ್ಬ ಸಜ್ಜನನನ್ನು ಹುಡುಕಿಸಿದ.

ಸಜ್ಜನ ಸಿಕ್ಕಿದ. ಅವನೊಬ್ಬ ದವಸದ ವರ್ತಕ. ಸೇರು ತುಂಬಿದ ಮೇಲೂ ಒಂದು ಹಿಡಿ ಹೆಚ್ಚಿಗೆ ಹಾಕಿ ಕೊಡುವವನು. ಬೆಳಗಿನ ಪೂಜೆಯಿಲ್ಲದೆ ನೀರು ಮುಟ್ಟದವನು. ಅವನ ಹೆಸರು ಹೇಳಿದರೆ ಜಗಳವಾಡುತ್ತಿದ್ದವರು ದನಿ ತಗ್ಗಿಸುತ್ತಿದ್ದರು. ಇಂಥವನು ಮಂತ್ರಿಯಾಗುತ್ತಾನೆ ಎಂದು ಕೇಳಿ ಊರಿನವರು ಹಬ್ಬ ಮಾಡಿದರು. ಅವನು ಅಧಿಕಾರ ವಹಿಸಿಕೊಳ್ಳುವ ದಿನ ದೇವಸ್ಥಾನದಲ್ಲಿ ಎಲ್ಲರೆದುರು ಆಣೆ ಮಾಡಿದ: “ನನ್ನ ಮನಸ್ಸು ಒಪ್ಪದ ಅಪ್ಪಣೆಗೆ ಮುದ್ರೆ ಒತ್ತಬೇಕಾಗಿ ಬಂದರೆ ಆ ದಿನ ನಾನು ಅನ್ನ ಮುಟ್ಟುವುದಿಲ್ಲ.”

ನೋಡು ಶೇಷಯ್ಯ, ಮುದ್ರೆ ಒತ್ತುವುದಿಲ್ಲ ಎಂದು ಅವನು ಹೇಳಲಿಲ್ಲ. ಅನ್ನ ಮುಟ್ಟುವುದಿಲ್ಲ ಎಂದ. ಊರಿನವರಿಗೆ ಆ ವ್ಯತ್ಯಾಸ ಕಾಣಲಿಲ್ಲ. ಅವನಿಗೂ ಕಾಣಲಿಲ್ಲ. ದೊರೆಗೆ ಮಾತ್ರ ಕಂಡಿತು.

ಮೊದಲ ವರ್ಷ ಆಣೆಗಾಗಿ ಅವನು ಉಪವಾಸವಿದ್ದದ್ದು ಎರಡೇ ದಿನ. ಆ ಎರಡು ದಿನವೂ ಊರಿನವರು ಅವನ ಮನೆಯ ಮುಂದೆ ನಿಂತು ಕಣ್ಣೀರು ಹಾಕಿದರು. ಅಪ್ಪಣೆಯಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ. ಮಂತ್ರಿ ಎಷ್ಟು ಸೊರಗಿದ್ದಾರೆ ಎಂದವರೇ ಹೆಚ್ಚು. ಎರಡನೆಯ ವರ್ಷ ಉಪವಾಸಗಳು ತಿಂಗಳಿಗೆ ನಾಲ್ಕು ಐದು ಆದವು. ಅವನಿಗೆ ತಲೆ ಸುತ್ತು ಬರತೊಡಗಿತು. ಕಾಗದಗಳನ್ನು ತರುವ ಕರಣಿಕನಿಗೆ ಇದನ್ನು ನೋಡಲಾಗಲಿಲ್ಲ.

“ಸ್ವಾಮಿ, ಹೀಗಾದರೆ ಶರೀರ ಉಳಿಯುವುದೇ?” ಎಂದು ಅವನು ಕೈಮುಗಿದ. “ಏಕಾದಶಿಯ ದಿನ ತಾವು ಹೇಗೂ ಊಟ ಮಾಡುವುದಿಲ್ಲ. ಮನಸ್ಸಿಗೆ ಒಪ್ಪದ ಕಾಗದಗಳನ್ನೆಲ್ಲ ಆ ದಿನಕ್ಕೆ ಇಟ್ಟುಕೊಂಡರಾಗದೇ?”

ಕರಣಿಕ ಕೆಟ್ಟವನಲ್ಲ. ಯಜಮಾನನ ಆರೋಗ್ಯದ ಚಿಂತೆ ಅವನದು. ಮಂತ್ರಿಗೆ ಇದು ದೇವರೇ ತೋರಿಸಿದ ದಾರಿಯಂತೆ ಕಂಡಿತು. ವ್ರತವೂ ಕೆಡುವುದಿಲ್ಲ, ಆಣೆಯೂ ತಪ್ಪುವುದಿಲ್ಲ. ಹೇಳುವುದಕ್ಕೂ ನನಗೆ ನಾಚಿಕೆಯಾಗುತ್ತದೆ. ಆದರೆ ಅಂದಿನಿಂದ ಆ ಊರಿನಲ್ಲಿ ಅನ್ಯಾಯಕ್ಕೆ ತಿಥಿ ನಿಶ್ಚಯವಾಯಿತು. ತಿಂಗಳಿಗೆ ಎರಡು ದಿನ ಮಂತ್ರಿ ಹಸಿದುಕೊಂಡು ಮುದ್ರೆ ಒತ್ತುತ್ತಿದ್ದ. ಉಳಿದ ದಿನಗಳಲ್ಲಿ ಊರಿಗೆ ಬಾವಿ ತೋಡಿಸಿದ, ದಾರಿಗೆ ಸಾಲುಮರ ಹಾಕಿಸಿದ. ಅವನು ಕೈಕಟ್ಟಿ ಕುಳಿತವನಲ್ಲ.

ಒಂದು ಸಲ ದೊರೆಗೆ ಕುದುರೆಲಾಯ ದೊಡ್ಡದು ಮಾಡುವ ಮನಸ್ಸಾಯಿತು. ಲಾಯದ ಪಕ್ಕದಲ್ಲಿ ನೇಕಾರರ ಕೇರಿ. ನಲವತ್ತು ಮನೆ. ಕೇರಿ ಖಾಲಿಯಾಗಬೇಕು ಎಂದು ಅಪ್ಪಣೆ ಬರೆಸಿದ. ಕರಣಿಕ ಅದನ್ನು ಎಂದಿನಂತೆ ಏಕಾದಶಿಗೆ ಎತ್ತಿಟ್ಟ.

ದಶಮಿಯ ಬೆಳಿಗ್ಗೆ, ಸುದ್ದಿ ತಿಳಿದು, ಆ ಕೇರಿಯ ಒಬ್ಬ ನೇಕಾರ ಮಂತ್ರಿಯ ಮನೆಗೆ ಬಂದ. ಜಗಲಿಯ ಕೆಳಗೇ ನಿಂತ.

“ಸ್ವಾಮಿ, ನಮ್ಮದು ಗುಂಡಿಮಗ್ಗ. ನೆಲ ಅಗೆದು ಕೂರಿಸಿದ್ದು. ಹೊತ್ತುಕೊಂಡು ಹೋಗೋಕಾಗಲ್ಲ. ಮನೆ ಹೋದರೆ ಮಗ್ಗ ಹೋಯಿತು, ಮಗ್ಗ ಹೋದರೆ ಅನ್ನ ಹೋಯಿತು. ನಾಳೆ ತಾವು ಉಪವಾಸ ಇರಬೇಡಿ. ಹೊಟ್ಟೆ ತುಂಬ ಉಣ್ಣಿ. ಮುದ್ರೆ ಮಾತ್ರ ಒತ್ತಬೇಡಿ.”

ಮಂತ್ರಿಯ ಕಣ್ಣು ತುಂಬಿತು. ಅದು ನಿಜವಾದ ಕಣ್ಣೀರೇ. “ನಾನು ಒತ್ತದಿದ್ದರೆ ದೊರೆ ನನ್ನನ್ನು ತೆಗೆದು ಇನ್ನೊಬ್ಬನನ್ನು ತರುತ್ತಾನೆ. ಅವನು ಒತ್ತುತ್ತಾನೆ. ನಿಮಗಾಗಿ ಒಂದು ಹೊತ್ತಿನ ಊಟವನ್ನೂ ಬಿಡುವವನಲ್ಲ ಅವನು” ಎಂದ.

“ಬರಲಿ ಸ್ವಾಮಿ” ಎಂದ ನೇಕಾರ. “ಅವನ ಮೇಲೆ ನಮಗೆ ಸಿಟ್ಟಾದರೂ ಬರುತ್ತೆ. ನಿಮ್ಮ ಮೇಲೆ ಬರಲ್ಲ.”

ಮಂತ್ರಿ ಹೊತ್ತಾಯಿತೆಂದು ಪೂಜೆಗೆ ಎದ್ದ. ಮರುದಿನ ಏಕಾದಶಿ. ಬೆಳಗಿನಿಂದ ಜಪ ಮಾಡಿದ, ದೇವರ ಮುಂದೆ ಬಿದ್ದುಕೊಂಡು ಅತ್ತ, ಆಮೇಲೆ ಎದ್ದು ಬಂದು ಮುದ್ರೆ ಒತ್ತಿದ. ಅವನು ಅತ್ತದ್ದನ್ನು ಕರಣಿಕ ಹೊರಗೆ ಹೋಗಿ ಹೇಳಿದ. ಸಂಜೆಯೊಳಗೆ ಆ ಸುದ್ದಿ ಊರಿಗೆಲ್ಲ ಹಬ್ಬಿತು.

ನೇಕಾರ ಸುಮ್ಮನೆ ಕೂರಲಿಲ್ಲ. ಮನೆಮನೆಗೂ ಹೋಗಿ, “ಹುಲ್ಲುಗಾವಲಿಗೆ ಕೂತ ಹಾಗೆ ಅರಮನೆಯ ಬಾಗಿಲಲ್ಲಿ ಕೂರೋಣ ಬನ್ನಿ” ಎಂದು ಕರೆದ. ಯಾರೂ ಏಳಲಿಲ್ಲ. “ಅಷ್ಟು ದೊಡ್ಡವರೇ ನಮಗೋಸ್ಕರ ಹಸಿದು ಕೂತಿದ್ದಾರೆ. ಅವರ ಮನಸ್ಸು ಇನ್ನೂ ನೋಯಿಸಬೇಕೇ?” ಎಂದರು. ಅವನ ಹೆಂಡತಿಯೇ ಹಾಗೆಂದಳು.

ದ್ವಾದಶಿಯ ಬೆಳಿಗ್ಗೆ ಹಾರೆ ಗುದ್ದಲಿ ಹಿಡಿದು ಆಳುಗಳು ಬಂದರು. ಮನೆಗಳು ಬಿದ್ದವು. ಮಗ್ಗದ ಗುಂಡಿಗಳಿಗೆ ಗೋಡೆಯ ಮಣ್ಣನ್ನೇ ತುಂಬಿದರು. ಜನ ಗಂಟು ಕಟ್ಟಿಕೊಂಡು ಹೊರಟರು. ದಾರಿಯಲ್ಲಿ ದೇವಸ್ಥಾನ. ಅಲ್ಲಿ ಮಂತ್ರಿ ಕುಳಿತಿದ್ದ. ನಲವತ್ತು ಮನೆಯ ಸಂಕಟ ಒಂದು ದಿನದ ಉಪವಾಸಕ್ಕೆ ತೀರುವುದಲ್ಲ ಎಂದು ಅವನು ಅಂದು ಪಾರಣೆಯನ್ನೂ ಮಾಡಿರಲಿಲ್ಲ. ಮುಖ ಬಾಡಿಹೋಗಿತ್ತು.

ಅದನ್ನು ಕಂಡು ಆ ಜನ ನಿಂತುಬಿಟ್ಟರು. ಗಂಟುಗಳನ್ನು ಕೆಳಗಿಟ್ಟರು. ಒಬ್ಬ ಮುದುಕಿ ತನ್ನ ಗಂಟು ಬಿಚ್ಚಿ, ದಾರಿಗೆಂದು ಕಟ್ಟಿಕೊಂಡಿದ್ದ ಮೊಸರವಲಕ್ಕಿಯನ್ನು ಅವನ ಮುಂದೆ ಹಿಡಿದಳು.

“ದ್ವಾದಶಿ ದಿನ ಹಸಿದಿರಬಾರದು ಕಣಪ್ಪ, ದೇವರು ಮೆಚ್ಚಲ್ಲ. ನಮ್ಮ ಹಣೆಬರಹಕ್ಕೆ ನೀನೇನು ಮಾಡ್ತೀಯ? ಒಂದು ತುತ್ತು ಉಣ್ಣು.”

ಅವನು ಬೇಡವೆಂದ. ಅವಳು ಬಿಡಲಿಲ್ಲ. ನಲವತ್ತು ಮನೆಯವರೂ ಸುತ್ತ ನಿಂತು ಉಣ್ಣಿ ಉಣ್ಣಿ ಎಂದು ಬೇಡಿಕೊಂಡರು. ಕಡೆಗೆ ಅವನು ಅಳುತ್ತ ಉಂಡ. ಅವನು ಉಂಡದ್ದನ್ನು ನೋಡಿ ಅವರಿಗೆ ಸಮಾಧಾನವಾಯಿತು. ಕಾಲಿಗೆ ನಮಸ್ಕಾರ ಮಾಡಿ, ಗಂಟು ಎತ್ತಿಕೊಂಡು ಊರು ಬಿಟ್ಟು ಹೋದರು. ಆ ನೇಕಾರ ಮಾತ್ರ ನಮಸ್ಕಾರ ಮಾಡಲಿಲ್ಲ. ಹಾಗೆ ಮಾಡಲಿಲ್ಲವೆಂದು ದಾರಿಯುದ್ದಕ್ಕೂ ತನ್ನವರಿಂದಲೇ ಬೈಸಿಕೊಂಡ.

ಕತೆ ಇಲ್ಲಿಗೆ ನಿಂತಿತು. ಶೇಷಯ್ಯ ಮೆಲ್ಲಗೆ ಕೇಳಿದ.

“ಹಾಗಾದರೆ ಆ ಮಂತ್ರಿಯ ಭಕ್ತಿ ಬರೀ ನಾಟಕವೇ, ಗುರುಗಳೇ?”

“ನಾಟಕವಾಗಿದ್ದರೆ ಆ ಕೇರಿ ಉಳಿಯುತ್ತಿತ್ತು” ಎಂದರು ಗುರುಗಳು.