ಸುರುಗಿಯ ಪೊಟರೆ ತುಂಬ ನೋಟ್ಸು

ಒಂದು ಕಾಡಿನಲ್ಲಿ ಒಂದು ಕಾಲೇಜಿತ್ತು. ನಗಬೇಡಿ, ಇತ್ತು. ಗುಡ್ಡದ ಬುಡದಲ್ಲಿ ದೊಡ್ಡ ಆಲದ ಮರ, ಅದರ ಪೊಟರೆಗಳೇ ಹಾಸ್ಟೆಲು. ಪಕ್ಕದ ಬೋಳು ಬಂಡೆಯೇ ಕ್ಲಾಸು. ಸ್ವಲ್ಪ ಆಚೆ ಒಂದು ಅತ್ತಿ ಮರ. ಅದರ ಕೆಳಗೆ ಕೂತು ಹರಟೆ ಹೊಡೆಯುವ ಜಾಗಕ್ಕೆ ಕ್ಯಾಂಟೀನು ಎಂದು ಹೆಸರು. ಕ್ಲಾಸಿಗಿಂತ ಅಲ್ಲೇ ಹೆಚ್ಚು ಜನ ಇರುತ್ತಿದ್ದರು, ಅದನ್ನು ಬೇರೆ ಹೇಳಬೇಕೆ.

ಆ ವರ್ಷ ಮಳೆ ಶುರುವಾದಾಗ ಸುರುಗಿ ಎಂಬ ಕೆಂಚಳಿಲು ಮೊದಲ ವರ್ಷಕ್ಕೆ ಸೇರಿದಳು. ಅವಳು ಸುಮ್ಮನೆ ಬಂದವಳಲ್ಲ. ಅವಳ ತೋಪಿನಲ್ಲಿ ಕಾವಲು ಕೂರುತ್ತಿದ್ದ ಮುದಿ ಅಳಿಲಿಗೆ ಕಣ್ಣು ಮಂಜಾಗಿತ್ತು. ಗಿಡುಗ ತಲೆಯ ಮೇಲೆ ಬಂದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಆಗಲೇ ಎರಡು ಮರಿಗಳು ಹೋಗಿದ್ದವು. ತೋಪಿನವರೆಲ್ಲ ಕೂತು ಮಾತಾಡಿ ಸುರುಗಿಯನ್ನು ಆರಿಸಿದ್ದರು. 'ಇವಳ ಕಣ್ಣು ಚುರುಕು. ಓದಿಕೊಂಡು ಬಂದು ಕಾವಲಿಗೆ ಕೂರಲಿ. ಬೇಸಿಗೆಯಲ್ಲಿ ಹೊಸ ಮರಿಗಳು ಹೊರಗೆ ಬರುವಷ್ಟರಲ್ಲಿ ಬಂದುಬಿಡಬೇಕು, ಅಷ್ಟೆ,' ಎಂದಿದ್ದರು. ಸುರುಗಿ ತಲೆಯಾಡಿಸಿ ಹೊರಟಿದ್ದಳು. ತಲೆಯಾಡಿಸುವುದಕ್ಕೆ ಏನು ಖರ್ಚು ಹೇಳಿ.

ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಇದ್ದದ್ದು ಒಂದೇ ಪಾಠ, ನೆರಳಿನ ಪಾಠ. ಕಲಿಸುತ್ತಿದ್ದವರು ಸಾವಂತ್ರಮ್ಮ ಟೀಚರು, ಒಂದು ಹಿರಿಯ ಮುಸುವ. ಮೊದಲ ದಿನವೇ ಅವರು ಬಂಡೆಯ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದರು.

"ಗಿಡುಗನನ್ನು ನೋಡಿ ಓಡಿದವರು ಯಾರೂ ಉಳಿದಿಲ್ಲ. ಅದರ ನೆರಳು ನೋಡಿ ಓಡಬೇಕು. ಯಾವ ನೆರಳಿಗೆ ಓಡಬೇಕು, ಯಾವ ನೆರಳಿಗೆ ಕೂರಬೇಕು, ಇಷ್ಟೇ ವಿದ್ಯೆ. ಸತ್ತದ್ದನ್ನು ಹೆಕ್ಕುವ ಹದ್ದಿನ ನೆರಳಿಗೂ ಕೊಕ್ಕರೆಯ ನೆರಳಿಗೂ ಎದ್ದು ಓಡುತ್ತಿದ್ದರೆ ನಿಮ್ಮ ತೋಪಿನವರು ಊಟ ಮಾಡುವುದು ಯಾವಾಗ? ದಿನಕ್ಕೆ ಹತ್ತು ನೆರಳು ನೋಡಿ. ಒಂದು ದಿನವೂ ಬಿಡಬೇಡಿ. ನಾನು ಬಂದು ನೋಡಿದಿರಾ ಅಂತ ಕೇಳುವುದಿಲ್ಲ."

ಕೊನೆಯ ಮಾತು ಒಂದೇ ಸುರುಗಿಯ ಕಿವಿಗೆ ಚೆನ್ನಾಗಿ ಕೇಳಿಸಿತು. ಕೇಳುವುದಿಲ್ಲವಂತೆ.

ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಅಮ್ಮ ಬಾಲ ಹಿಡಿದು ಎಳೆದು ಎಬ್ಬಿಸುತ್ತಿದ್ದಳು. ತಿಂದೆಯಾ, ಎಲ್ಲಿಗೆ ಹೋಗಿದ್ದೆ, ಏನು ಮಾಡಿದೆ, ದಿನಕ್ಕೆ ನೂರು ಸಲ ಕೇಳುತ್ತಿದ್ದಳು. ಇಲ್ಲಿ ಕೇಳುವವರೇ ಇಲ್ಲ. ಮೊದಲ ವಾರ ಸುರುಗಿ ಅಮ್ಮನನ್ನು ನೆನೆಸಿಕೊಂಡು ಅತ್ತಳು. ಎರಡನೇ ವಾರ ಬಿಸಿಲೇರುವ ತನಕ ಮಲಗಿದಳು. ಮೂರನೇ ವಾರ ಕ್ಯಾಂಟೀನು ಎಲ್ಲಿದೆ ಎಂದು ಗೊತ್ತಾಯಿತು. ಅಲ್ಲಿಗೆ ಮುಗಿಯಿತು ಕಥೆ.

ಪಕ್ಕದ ಪೊಟರೆಯಲ್ಲಿ ಕೊಟ್ರೇಶಿ ಎಂಬ ಮರಕುಟಿಗ ಇದ್ದ. ಅವನೂ ಹೊಸಬನೇ. ದಿನಾ ಬೆಳಿಗ್ಗೆ ಸುರುಗಿಯ ಬಾಗಿಲ ಹತ್ತಿರ ಟಕ ಟಕ ಎಂದು ಕುಟ್ಟಿ, "ಬಂಡೆಗೆ ಹೋಗೋಣ ಬಾರೇ, ಹತ್ತೇ ಹತ್ತು ನೆರಳು," ಎನ್ನುತ್ತಿದ್ದ.

"ನೀನು ಹೋಗೋ. ನಾನು ನಾಳೆಯಿಂದ ಬರ್ತೀನಿ."

ನಾಳೆಯಿಂದ. ಈ ನಾಳೆಯನ್ನು ಯಾರು ಕಂಡುಹಿಡಿದರೋ, ಅವರು ನನ್ನ ಕೈಗೆ ಸಿಗಬೇಕು.

ಕ್ಯಾಂಟೀನಿನಲ್ಲಿ ಅವಳಿಗೆ ಲೋಲಾಕ್ಷನ ಪರಿಚಯವಾಯಿತು. ಲೋಲಾಕ್ಷ ಒಂದು ನರಿ. ಮೂರು ಸಲ ಫೇಲಾಗಿ, ಈಗ ನಾಲ್ಕನೇ ಸಲ ಮೊದಲ ವರ್ಷದಲ್ಲೇ ಕೂತಿದ್ದ. ಬೇರೆಯವರಾಗಿದ್ದರೆ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದರು. ಇವನು ಅದನ್ನೇ ಹಿರಿತನ ಮಾಡಿಕೊಂಡಿದ್ದ.

"ಬಂಡೆ ಮೇಲೆ ಕೂತು ಬಿಸಿಲು ಕಾಯೋದು ದಡ್ಡರ ಕೆಲಸ ಕಣಮ್ಮ," ಎಂದ. "ನಾನಿಲ್ಲಿ ಮೂರು ವರ್ಷದಿಂದ ಇದ್ದೀನಿ. ಯಾವುದು ಬರುತ್ತೆ, ಯಾವುದು ಬರಲ್ಲ, ಎಲ್ಲ ಗೊತ್ತು. ಇಂಪಾರ್ಟೆಂಟ್ ಎಲ್ಲ ತೇಗದ ಎಲೆ ಮೇಲೆ ಉಗುರಲ್ಲಿ ಗೀಚಿಕೊಡ್ತೀನಿ. ನೀನು ಮೇಲೆ ಹತ್ತಿ ಒಂದಷ್ಟು ಹಣ್ಣು ಕೆಡವು. ನನಗೆ ಮರ ಹತ್ತೋಕೆ ಬರಲ್ಲ ನೋಡು."

ಸುರುಗಿಗೆ ಸ್ವರ್ಗವೇ ಸಿಕ್ಕಂತಾಯಿತು. ದಿನಾ ಅತ್ತಿ ಮರ ಹತ್ತಿ ಹಣ್ಣು ಕೆಡವಿದಳು. ಲೋಲಾಕ್ಷ ಹೊಟ್ಟೆ ತುಂಬ ತಿಂದು ಒಂದು ಎಲೆ ಗೀಚಿ ಕೊಟ್ಟ. ಆ ಎಲೆಯನ್ನು ಅವಳು ಬಾಯಲ್ಲಿ ಕಚ್ಚಿಕೊಂಡು ಹೋಗಿ, ಪೊಟರೆಯೊಳಗೆ ಒತ್ತಿಟ್ಟು, ಮೇಲೆ ಎರಡು ಸಲ ತಟ್ಟಿ, 'ಅಬ್ಬ, ಇವತ್ತಿನ ಓದು ಮುಗೀತು,' ಎಂದು ಮಲಗಿದಳು.

ಓದಿದಳಾ? ಒಂದಕ್ಷರ ಇಲ್ಲ. ಆದರೆ ಅವಳನ್ನು ಬೈದರೆ ಏನು ಬಂತು, ಅವಳು ಅಳಿಲಿನ ಜಾತಿ. ಹುಟ್ಟಿದಾಗಿನಿಂದ ಕಂಡದ್ದು ಒಂದೇ. ಬೀಜ ಸಿಕ್ಕಿದರೆ ಪೊಟರೆಯಲ್ಲಿಡು, ಬೇಕಾದಾಗ ತಿನ್ನು. ಒಳಗೆ ಇಟ್ಟದ್ದು ಹೊಟ್ಟೆಗೆ ಹೋದ ಹಾಗೇ ಲೆಕ್ಕ. ಎಲೆಯೂ ಹಾಗೇ ಅಂದುಕೊಂಡಳು. ಪೊಟರೆ ತುಂಬಿದಷ್ಟೂ ತಲೆ ತುಂಬಿತು ಎಂದು ಅವಳ ನಂಬಿಕೆ.

ಕೊಟ್ರೇಶಿ ಒಂದು ದಿನ ಇಣುಕಿ ನೋಡಿ ಹೇಳಿಯೂ ಹೇಳಿದ. "ಸುರುಗಿ, ಇಷ್ಟೊಂದು ಯಾವಾಗ ಓದ್ತೀಯೇ?"

"ಇದೆಯಲ್ಲ, ಎಲ್ಲಿಗೆ ಓಡಿಹೋಗುತ್ತೆ?"

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದೇ. ಪಕ್ಕದ ಪೊಟರೆಯವನ ಮಾತು ಯಾರಿಗೆ ಬೇಕು? ಮೂರು ಸಲ ಫೇಲಾದವನ ಮಾತು ಮಾತ್ರ ವೇದವಾಕ್ಯ.

ಚಳಿ ಮುಗಿಯುವ ಹೊತ್ತಿಗೆ ತೋಪಿನ ಕಡೆ ಹೋಗಿ ಬರುವ ಕಾಗೆ ಅಮ್ಮನ ಮಾತು ತಂದಿತು. "ನಿನ್ನಮ್ಮ ಕೇಳ್ತಿದ್ದಾಳೆ. ಓದ್ತಿದ್ದೀಯಾ ಅಂತೆ. ಮೊನ್ನೆ ಗಿಡುಗ ಇನ್ನೊಂದು ಮರಿ ಹೊತ್ತುಕೊಂಡು ಹೋಯಿತಂತೆ. ಎಲ್ಲರೂ ನಿನ್ನ ದಾರಿ ನೋಡ್ತಿದ್ದಾರಂತೆ."

"ಓದ್ತಿದ್ದೀನಿ ಅಂತ ಹೇಳು. ಪೊಟರೆ ತುಂಬ ನೋಟ್ಸಿದೆ ಅಂತ ಹೇಳು," ಎಂದಳು ಸುರುಗಿ.

ಕಾಗೆ ಹೋಯಿತು. ಸುರುಗಿಗೆ ಅಳು ಬಂತು, ಹೆದರಿಕೆಯೂ ಆಯಿತು. ಈಗಲಾದರೂ ಬಂಡೆಗೆ ಹೋದಳಾ ಎಂದು ಕೇಳುತ್ತೀರಿ. ಇಲ್ಲ. ಹೆದರಿಕೆಯಾಯಿತಲ್ಲ, ಅದಕ್ಕೇ ಅವತ್ತು ಲೋಲಾಕ್ಷನ ಹತ್ತಿರ ಎರಡು ಎಲೆ ಹೆಚ್ಚಿಗೆ ಬರೆಸಿಕೊಂಡಳು. ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಪರೀಕ್ಷೆಗೆ ಒಂದು ದಿನ ಉಳಿಯಿತು. ಯುದ್ಧಕಾಲೇ ಶಸ್ತ್ರಾಭ್ಯಾಸ. ಬೆಳಿಗ್ಗೆ ಎದ್ದು ಸುರುಗಿ ಪೊಟರೆಗೆ ಕೈ ಹಾಕಿದಳು. ತಳದಲ್ಲಿದ್ದ ಎಲೆಗಳು ಮಳೆ ನೀರಿಗೆ ಕೊಳೆತು ಹೋಗಿದ್ದವು. ನಡುವಿನವನ್ನು ಗೆದ್ದಲು ತಿಂದಿತ್ತು. ಮೇಲಿನವು ಮಾತ್ರ ಓದುವ ಹಾಗಿದ್ದವು. ಹಸಿವು, ನೀರಡಿಕೆ ಬಿಟ್ಟು ಅವನ್ನೇ ಉರು ಹೊಡೆದಳು. 'ನೆರಳು ಒಂದೇ ಕಡೆ ಸುತ್ತುತ್ತಿದ್ದರೆ ಓಡು. ನೆರಳು ನೆಟ್ಟಗೆ ನಿನ್ನ ಕಡೆಗೇ ಬಂದರೆ ಕೂರು. ಬಾಲ ಕವಲೊಡೆದಿದ್ದರೆ ಓಡು. ಬಾಲ ಪಟ್ಟಿಯ ಹಾಗೆ ಉದ್ದವಾಗಿದ್ದರೆ ಕೂರು.'

ಕೊಟ್ರೇಶಿ ಕೇಳಿಸಿಕೊಂಡು ಗಾಬರಿಯಾದ. "ಏಯ್, ಅದು ತಿರುಗಾಮುರುಗಾ ಕಣೇ. ನೆಟ್ಟಗೆ ಬರೋದೇ ಗಿಡುಗ. ನಾನು ದಿನಾ ನೋಡ್ತೀನಿ."

"ನೀನು ಒಂದು ವರ್ಷ ನೋಡಿದೀಯ, ಅವನು ನಾಲ್ಕು ವರ್ಷದಿಂದ ಇದ್ದಾನೆ. ಸುಮ್ಮನಿರೋ, ಇರೋದೂ ಮರೆತುಹೋಗುತ್ತೆ."

ಮಾರನೇ ದಿನ ಪರೀಕ್ಷೆ. ಬಂಡೆಯ ಒಂದು ಅಂಚಿಗೆ ಬಿದಿರ ತಟ್ಟಿ ಕಟ್ಟಿದ್ದರು. ಒಬ್ಬೊಬ್ಬರೇ ಅದರ ಕೆಳಗೆ ಕೂರಬೇಕು. ಅಲ್ಲಿಂದ ಆಕಾಶ ಕಾಣುವುದಿಲ್ಲ, ಎದುರಿನ ಬಂಡೆ ಮಾತ್ರ ಕಾಣುತ್ತದೆ. ಹಕ್ಕಿ ಹಾರಿದರೆ ಬಂಡೆಯ ಮೇಲೆ ನೆರಳು ಹಾಯುತ್ತದೆ. ಆಗ ಓಡು ಅಥವಾ ಕೂರು ಎಂದು ಹೇಳಬೇಕು. ಸಾವಂತ್ರಮ್ಮ ಟೀಚರು ಮೇಲಿನ ಕೊಂಬೆಯಲ್ಲಿ ಕೂತು ಹಕ್ಕಿಯನ್ನೇ ನೋಡುತ್ತಿರುತ್ತಾರೆ. ಒಬ್ಬೊಬ್ಬರಿಗೆ ಹತ್ತು ನೆರಳು.

ಕೊಟ್ರೇಶಿ ಒಂಬತ್ತು ಸರಿ ಹೇಳಿದ. ಲೋಲಾಕ್ಷ ಸಪ್ಪೆ ಮುಖ ಮಾಡಿಕೊಂಡು ಹತ್ತಕ್ಕೆ ಹತ್ತೂ ತಪ್ಪು ಹೇಳಿದ. ಸುರುಗಿಯ ಸರದಿ ಬಂತು. ಮೊದಲ ನೆರಳು ಹಾಯಿತು. ಎಲೆಯಲ್ಲಿ ಏನಿತ್ತು ಎಂದು ಅವಳು ನೆನಪಿಸಿಕೊಳ್ಳುವಷ್ಟರಲ್ಲಿ ಅದು ಹೋಗಿಯೇ ಬಿಟ್ಟಿತು. ಬಾಲ ಕವಲಿತ್ತೋ ಪಟ್ಟಿಯಿತ್ತೋ ಕಾಣಲೇ ಇಲ್ಲ. ಕಾಣುವುದಾದರೂ ಹೇಗೆ, ಆ ಕಣ್ಣು ಒಂದು ದಿನವಾದರೂ ನೆರಳು ನೋಡಿದ್ದರೆ ತಾನೆ. ಕಂಡದ್ದಕ್ಕೆ ಎಲೆಯ ಪ್ರಕಾರ ಹೇಳಿದಳು, ಕಾಣದ್ದಕ್ಕೆ ಬಾಯಿಗೆ ಬಂದದ್ದು ಹೇಳಿದಳು.

ಟೀಚರು ಕೆಳಗಿಳಿದು ಬಂದರು. "ನಾಲ್ಕು ಸರಿ, ಸುರುಗಿ. ಅಂದರೆ ಆರು ಸಲ ನಿನ್ನ ತೋಪಿನವರ ಕಥೆ ಕೆಟ್ಟಿತು."

ಸುರುಗಿ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಪೊಟರೆ ತುಂಬ ಇತ್ತು ಟೀಚರ್. ಎಲ್ಲ ಇಂಪಾರ್ಟೆಂಟೂ ಇತ್ತು."

"ಯಾವ ಇಂಪಾರ್ಟೆಂಟು? ತಗೊಂಡು ಬಾ."

ಸುರುಗಿ ಉಳಿದ ಎಲೆಗಳನ್ನು ತಂದಿಟ್ಟಳು. ಟೀಚರು ಒಂದೊಂದೇ ತಿರುವಿ ಓದಿದರು. ಆಮೇಲೆ ಲೋಲಾಕ್ಷನನ್ನು ಕರೆಸಿದರು.

"ಇದು ನಿನ್ನ ಉಗುರಿನ ಗೀಟು ಅಲ್ಲವೇನೋ?"

"ಹೌದು ಟೀಚರ್," ಎಂದ ಲೋಲಾಕ್ಷ ತಲೆ ತಗ್ಗಿಸಿ. "ನಾನು ದಡ್ಡ. ಗೊತ್ತಿದ್ದಷ್ಟು ಬರೆದುಕೊಟ್ಟೆ. ಪಾಪ, ಈ ಹುಡುಗಿಯೂ ಫೇಲಾಯ್ತು. ಹೋಗಲಿ ಬಿಡಿ, ಮುಂದಿನ ವರ್ಷ ಇಬ್ಬರೂ ಜೊತೆಗೇ ಓದ್ತೀವಿ."

"ದಡ್ಡನಾ ನೀನು?" ಎಂದರು ಟೀಚರು. "ಈ ಹುಡುಗಿ ಒಂದು ದಿನವೂ ಬಂಡೆಗೆ ಬಂದವಳಲ್ಲ. ಅವಳಿಗೇ ಕಣ್ಣು ಮುಚ್ಚಿ ಹೇಳಿದರೂ ನಾಲ್ಕು ಸರಿಯಾಯಿತು. ಏನೂ ಗೊತ್ತಿಲ್ಲದವರಿಗೆ ಅಪ್ಪಿತಪ್ಪಿಯಾದರೂ ಒಂದೆರಡು ಸರಿ ಬೀಳುತ್ತದೆ. ನೀನು ನಾಲ್ಕು ವರ್ಷದಿಂದ ಪ್ರತಿ ಸಲ ಹತ್ತಕ್ಕೆ ಹತ್ತು ತಪ್ಪು. ಎಲೆಯಲ್ಲೂ ಒಂದಾದರೂ ಸರಿ ಇಲ್ಲ. ಎಲ್ಲವನ್ನೂ ತಪ್ಪು ಹೇಳಬೇಕಾದರೆ ಎಲ್ಲದರ ಸರಿಯೂ ಗೊತ್ತಿರಬೇಕಪ್ಪ. ನನಗೆ ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ, ನನ್ನನ್ನೇ ಬೈದುಕೊಳ್ಳಬೇಕು."

ಲೋಲಾಕ್ಷ ಅತ್ತಿ ಮರದ ಕಡೆ ಕಳ್ಳನೋಟ ಬೀರಿದ.

ಸುರುಗಿಗೆ ಆಗ ಅರ್ಥವಾಯಿತು. ಪಾಸಾದವರು ತಮ್ಮ ತಮ್ಮ ಊರಿಗೆ ಹೋಗುತ್ತಾರೆ, ಇಲ್ಲವೇ ಎರಡನೇ ವರ್ಷಕ್ಕೆ ಹೋಗುತ್ತಾರೆ. ಹೋದವರು ಇವನಿಗೆ ಹಣ್ಣು ಕೆಡವುತ್ತಾರಾ? ಇವನು ಫೇಲಾಗಿ ಅತ್ತಿ ಮರದ ಕೆಳಗೆ ಉಳಿಯಬೇಕು, ಮರ ಹತ್ತುವವರೂ ಫೇಲಾಗಿ ಇವನ ಜೊತೆ ಉಳಿಯಬೇಕು. ತಾನು ದಿನಾ ಬಾಯಲ್ಲಿ ಕಚ್ಚಿಕೊಂಡು ಹೋಗಿ ಜೋಪಾನ ಮಾಡಿದ್ದು ಇದನ್ನು.

"ಲೋಲಾಕ್ಷ ಪಾಸು," ಎಂದರು ಟೀಚರು. "ನಾಳೆ ಬೆಳಿಗ್ಗೆಯೇ ಎರಡನೇ ವರ್ಷಕ್ಕೆ ಹೊರಡು."

ಎರಡನೇ ವರ್ಷದ ಕ್ಲಾಸು ಗುಡ್ಡದ ಆಚೆ ಬಿದಿರು ಮೆಳೆಯಲ್ಲಿ ನಡೆಯುತ್ತಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಒಂದು ಹೆಣ್ಣು ಚಿರತೆ. ಅವರು ಹಾಜರಿ ಕೂಗುವುದಿಲ್ಲ, ವಾಸನೆ ಹಿಡಿದು ತೆಗೆದುಕೊಳ್ಳುತ್ತಾರೆ. ಬಾರದವರನ್ನು ಹುಡುಕಿಕೊಂಡು ಖುದ್ದಾಗಿ ಬರುತ್ತಾರೆ. ಅಲ್ಲಿ ಅತ್ತಿ ಮರವೂ ಇಲ್ಲ, ಹೊಸ ಹುಡುಗರೂ ಇಲ್ಲ.

ಲೋಲಾಕ್ಷ ಟೀಚರ ಕಾಲಿಗೆ ಬಿದ್ದ. "ದಮ್ಮಯ್ಯ ಟೀಚರ್, ನನ್ನನ್ನು ಫೇಲ್ ಮಾಡಿ."

ನಾಲ್ಕು ವರ್ಷದಲ್ಲಿ ಅವನು ಮನಸ್ಸಿಟ್ಟು ಕೇಳಿದ್ದು ಅದೊಂದನ್ನೇ. ಟೀಚರು ಕೊಡಲಿಲ್ಲ. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ಗುಡ್ಡ ಹತ್ತಿ ಹೋದ. ಅಲ್ಲಿ ಅವನು ಎಷ್ಟು ಹೊತ್ತಿಗೆ ಏಳುತ್ತಾನೆ ಎಂದು ಕೇಳಬೇಡಿ, ಮಲಗುತ್ತಾನೋ ಇಲ್ಲವೋ ಎಂದು ಕೇಳಿ.

"ನೀನು ಮುಂದಿನ ವರ್ಷದ ತನಕ ಕಾಯಬೇಡ, ನಿನಗೆ ಇನ್ನೊಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ," ಎಂದರು ಟೀಚರು ಸುರುಗಿಗೆ.

"ಅಷ್ಟರಲ್ಲಿ ಅಲ್ಲಿ ಮರಿಗಳು ಹೊರಗೆ ಬಂದಿರ್ತಾವೆ ಟೀಚರ್. ನಾನು ಈಗಲೇ ಹೋಗಬೇಕು."

"ಹೋಗಿ ಏನು ಮಾಡ್ತೀಯ? ನೆರಳು ಗೊತ್ತಿಲ್ಲದ ಕಾವಲುಗಾರ್ತಿಯನ್ನು ನಂಬಿಕೊಂಡು ಅವರೆಲ್ಲ ಧೈರ್ಯವಾಗಿ ಹೊರಗೆ ಬರಲಿ ಅಂತಲಾ?"

ಸುರುಗಿ ಉಳಿದಳು. ಕಾಗೆಯನ್ನು ಕರೆದು, "ಟೀಚರು ಇನ್ನೊಂದು ತಿಂಗಳು ಇರು ಅಂದಿದ್ದಾರೆ ಅಂತ ಅಮ್ಮನಿಗೆ ಹೇಳು," ಎಂದಳು. ಫೇಲಾದೆ ಎನ್ನಲು ನಾಲಿಗೆ ಏಳಲಿಲ್ಲ. ಎರಡು ದಿನಕ್ಕೆ ಅಮ್ಮನ ಉತ್ತರ ಬಂತು. 'ಆಗಲಿ ಮಗಳೇ, ಚೆನ್ನಾಗಿ ಓದು. ಇಲ್ಲಿ ನಾನು ನೋಡ್ಕೋತೀನಿ.'

ಮಾರನೇ ಬೆಳಿಗ್ಗೆ ಕೊಟ್ರೇಶಿ ಕುಟ್ಟುವ ಮೊದಲೇ ಸುರುಗಿ ಎದ್ದು ಕೂತಿದ್ದಳು. ಇಬ್ಬರೂ ಬಂಡೆಗೆ ಹೋದರು. ಮೊದಲ ದಿನ ಹತ್ತರಲ್ಲಿ ಮೂರು ಸರಿಯಾಯಿತು. ಎರಡನೇ ದಿನವೂ ಮೂರೇ. ವಾರ ಕಳೆದರೂ ಐದು ದಾಟಲಿಲ್ಲ. ಬಿಸಿಲಿಗೆ ಬಂಡೆ ಸುಡುತ್ತಿತ್ತು, ಕಣ್ಣು ಉರಿಯುತ್ತಿತ್ತು. ಕೊಟ್ರೇಶಿ ಮಾತ್ರ, "ನಾಳೆ ಮತ್ತೆ ಹತ್ತು," ಎನ್ನುತ್ತಿದ್ದ. ಅವನ ಈ ಒಂದೇ ಮಾತು ಕೇಳಿ ಕೇಳಿ ಸುರುಗಿಗೆ ಅವನನ್ನು ಕಚ್ಚಬೇಕು ಅನಿಸುತ್ತಿತ್ತು. ಆದರೂ ಹೋದಳು. ಇಪ್ಪತ್ತು ದಿನಕ್ಕೆ ಯೋಚಿಸದೆಯೇ ಬಾಯಿಂದ ಉತ್ತರ ಬರತೊಡಗಿತು. ತಿಂಗಳು ಮುಗಿದಾಗ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಹೇಳಿದಳು.

ಅವತ್ತೇ ಮರದಿಂದ ಮರಕ್ಕೆ ಹಾರುತ್ತಾ ತೋಪಿಗೆ ಓಡಿದಳು. ತೋಪಿನಲ್ಲಿ ಹೊಸ ಮರಿಗಳು ಆಡುತ್ತಿದ್ದವು. ಸುರುಗಿ ಎಣಿಸಿದಳು, ಎಲ್ಲವೂ ಇದ್ದವು. ಕಾವಲು ಕೊಂಬೆಯ ಮೇಲೆ ಅವಳ ಅಮ್ಮ ಕೂತಿದ್ದಳು. ಒಂದು ತಿಂಗಳಿಂದ ಅಲ್ಲೇ ಕೂತಿದ್ದಳು. ಅವಳಿಗೆ ನೆರಳಿನ ಪಾಠ ಯಾರು ಕಲಿಸಿದ್ದರು? ಮರಿಗಳನ್ನು ಒಳಗೆ ದಬ್ಬಿ ತಾನು ಎದುರಿಗೆ ನಿಲ್ಲುವುದು, ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಅಮ್ಮನ ಬಾಲ ಅರ್ಧ ಇರಲಿಲ್ಲ. ಬೆನ್ನ ಮೇಲೆ ಮೂರು ಉದ್ದನೆಯ ಗಾಯ ಇನ್ನೂ ಒಣಗಿರಲಿಲ್ಲ.

"ಏನಾಯ್ತಮ್ಮ ಇದು?"

"ಏನಿಲ್ಲ, ಮುಳ್ಳುಕೊಂಬೆಗೆ ಸಿಕ್ಕಿಕೊಂಡಿದ್ದೆ. ನೀನು ಊಟ ಮಾಡಿದೆಯಾ? ಕಾಲೇಜಿನಲ್ಲಿ ತುಂಬ ಓದಿಸಿಬಿಟ್ಟರಾ, ಸೊರಗಿದ್ದೀಯ."

ಗಿಡುಗನ ಉಗುರಿನ ಗುರುತು ಹೇಗಿರುತ್ತದೆ ಎಂದು ಈಗ ಸುರುಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮನನ್ನು ತಬ್ಬಿಕೊಂಡು ಅತ್ತಳು. "ನಾನು ಫೇಲಾಗಿದ್ದೆ ಅಮ್ಮ. ವರ್ಷವೆಲ್ಲ ಓದಲೇ ಇಲ್ಲ," ಎಂದಳು. ಅಮ್ಮ ಮೆಲ್ಲಗೆ ಕೊಂಬೆಯಿಂದ ಇಳಿದು ಮಗಳಿಗೆ ಜಾಗ ಬಿಟ್ಟಳು. ಬಾಲ ಅರ್ಧವೇ ಇದ್ದದ್ದರಿಂದ ಇಳಿಯುವಾಗ ಎರಡು ಸಲ ಜಾರಿದಳು.

ನೀತಿ: ಕೂಡಿಟ್ಟದ್ದೆಲ್ಲ ಓದಿದಂತಲ್ಲ. ದಿನದ ಓದನ್ನು ದಿನವೇ ಓದದಿದ್ದರೆ ಅದರ ಪೆಟ್ಟು ನಮಗಿಂತ ಮೊದಲು ನಮ್ಮನ್ನು ನಂಬಿದವರಿಗೆ ಬೀಳುತ್ತದೆ.