ಮಗುವಿನ ಕಿವಿಯಲ್ಲಿ ಹೇಳಿದ ಮಾತು

"ಮೇಷ್ಟ್ರೇ, ಸಿನಿಮಾ ಚರಿತ್ರೆಯಲ್ಲಿ ನಿಜವಾಗಿ ಪ್ರಭಾವ ಬೀರಿದ ನಿರ್ದೇಶಕ ಎಂದು ಯಾರನ್ನು ಕರೆಯಬೇಕು?" ಎಂದು ಧರಣೇಂದ್ರ ಕೇಳಿದ.

ಚೆಲುವಯ್ಯ ಮೇಷ್ಟ್ರು ಬಹಳ ಕಾಲ ಚಿತ್ರಗಳ ಸಂಕಲನ ಮಾಡಿ, ಈಗ ಮನೆಯ ಜಗಲಿಯ ಮೇಲೆ ಕೂತು ಹೊಸಬರಿಗೆ ಪಾಠ ಹೇಳುತ್ತಿದ್ದವರು. ಧರಣೇಂದ್ರ ಅವರ ಶಿಷ್ಯ. ತನ್ನ ಮೊದಲ ಚಿತ್ರವನ್ನು ತೆಗೆಯುತ್ತಿದ್ದ.

"ಈ ಪ್ರಶ್ನೆಯನ್ನು ಎಲ್ಲಿಂದ ಹೊತ್ತು ತಂದೆ?" ಎಂದರು ಮೇಷ್ಟ್ರು.

"ಬೆಳಿಗ್ಗೆ ಗೆಳೆಯರ ನಡುವೆ ದೊಡ್ಡ ಚರ್ಚೆಯಾಯಿತು. ಒಬ್ಬ ಪ್ರಶಸ್ತಿ ಬಂದಿರಬೇಕು ಎಂದ. ಇನ್ನೊಬ್ಬ, ಜನ ಮುಗಿಬಿದ್ದು ನೋಡಿರಬೇಕು ಎಂದ. ಮುಂದೆ ಬಂದವರೆಲ್ಲ ಯಾರನ್ನು ನೋಡಿ ಕಲಿತರೋ ಅವನೇ ದೊಡ್ಡವನು ಎಂದು ನಾನು ವಾದಿಸಿದೆ. ಗೆದ್ದೆ ಎಂದೇ ಇಟ್ಟುಕೊಳ್ಳಿ. ಆದರೂ ನಿಮ್ಮ ಬಾಯಿಂದ ಒಮ್ಮೆ ಕೇಳೋಣ ಅನ್ನಿಸಿತು. ಬೇಗ ಹೇಳಿಬಿಡಿ ಮೇಷ್ಟ್ರೇ, ನಾಳೆ ಚಿತ್ರೀಕರಣ ಇದೆ. ಒಂದು ಪುಟ್ಟ ಹುಡುಗಿ ಅಳುವ ದೃಶ್ಯ. ಇಡೀ ಚಿತ್ರ ಅದರ ಮೇಲೆಯೇ ನಿಂತಿದೆ."

"ಅಳುತ್ತಾಳೆಯೇ ಆ ಮಗು?"

"ಅಳುತ್ತಾಳೆ ಬಿಡಿ. ಅದಕ್ಕೊಂದು ದಾರಿ ಇದೆಯಲ್ಲ."

ಮೇಷ್ಟ್ರು ಅವನ ಕಡೆ ತಿರುಗಿ ಕೂತರು. "ಗೆದ್ದು ಬಂದವನಿಗೆ ನಾನೇನು ಹೇಳಲಿ ಮಹರಾಯ? ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಬ್ಬ ನಿರ್ದೇಶಕನಿದ್ದ. ಕೆಲಸದಲ್ಲಿ ಮಹಾ ಹಠವಾದಿ. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಮೊದಲ ಚಿತ್ರದಲ್ಲಿ ಒಂದು ಮಗು ಅಳಬೇಕಿತ್ತು. ಅದು ಅಳಲೊಲ್ಲದು. ಗ್ಲಿಸರಿನ್ ಹಾಕಿದರು. ಕಣ್ಣು ಕೆಂಪಾಯಿತೇ ಹೊರತು ಮುಖ ನಗುತ್ತಲೇ ಇತ್ತು. ಇತ್ತ ಬಿಸಿಲು ಇಳಿಯುತ್ತಾ ಬಂತು. ನಿರ್ದೇಶಕ ಮಗುವನ್ನು ಪಕ್ಕಕ್ಕೆ ಕರೆದು, ಕಿವಿಯಲ್ಲಿ, "ನಿನ್ನ ಅಮ್ಮ ಸತ್ತುಹೋದಳಂತೆ" ಎಂದ.

ಮಗು ಸುತ್ತ ನೋಡಿತು. ದೀಪ ಹಿಡಿದವರು ತಲೆ ತಗ್ಗಿಸಿ ನಿಂತಿದ್ದರು. ಮೇಕಪ್ ಮಾಡುವ ಹೆಂಗಸು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಹಾಗೆ ಮಾಡಿ ಎಂದು ನಿರ್ದೇಶಕನೇ ಅವರಿಗೆಲ್ಲ ಹೇಳಿಕೊಟ್ಟಿದ್ದ. ಮಗು ಅತ್ತಿತು. ಅಯ್ಯೋ, ಅದೆಂಥ ಅಳು! ಕಟ್ ಎಂದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಕೈಗೆ ಚಾಕೊಲೇಟ್ ಕೊಟ್ಟರು. ಹೊರಗೆ ಕೂರಿಸಿದ್ದ ತಾಯಿಯನ್ನು ಒಳಗೆ ಕರೆದು, "ಸುಮ್ಮನೆ ಹೇಳಿದ್ದು ಪುಟ್ಟೀ" ಎಂದು ನಕ್ಕರು. ಆ ಮಗು ಮತ್ತೆಂದೂ ಕ್ಯಾಮೆರಾ ಮುಂದೆ ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ಚಿತ್ರ ಹೆಸರು ಮಾಡಿತು. ಆ ಅಳುವನ್ನು ನೋಡಿ ಥಿಯೇಟರಿನಲ್ಲಿ ಗಂಡಸರೂ ಕಣ್ಣು ಒರೆಸಿಕೊಂಡರು. ಹೇಗೆ ಮಾಡಿಸಿದಿರಿ ಎಂದು ಕೇಳಿದವರಿಗೆಲ್ಲ ನಿರ್ದೇಶಕ ಹೆಮ್ಮೆಯಿಂದ ಗುಟ್ಟು ಹೇಳಿದ. ಅವನು ಮುಂದೆ ಎಷ್ಟೋ ಒಳ್ಳೆಯ ಕೆಲಸ ಮಾಡಿದ. ಬೆಳಕಿಗಾಗಿ ಹೇಗೆ ಕಾಯಬೇಕು, ಮಾತಿಲ್ಲದೆ ಮಾತನ್ನು ಹೇಗೆ ಹೇಳಬೇಕು, ಎಲ್ಲವನ್ನೂ ಕೂರಿಸಿಕೊಂಡು ಕಲಿಸಿದ. ಅದನ್ನೆಲ್ಲ ಕಲಿಯುವ ತಾಳ್ಮೆ ಯಾರಿಗಿತ್ತು ಹೇಳು? ಮಗುವನ್ನು ಅಳಿಸುವುದಕ್ಕಾದರೆ ತಾಳ್ಮೆ ಬೇಡ, ಒಂದು ಸುಳ್ಳು ಸಾಕು. ಎಲ್ಲೇ ಮಗು ಅಳಬೇಕಾದರೂ ಅದೇ ಪದ್ಧತಿಯಾಯಿತು. ಕಿವಿಯಲ್ಲಿ ಮಾತು, ತಗ್ಗಿದ ತಲೆಗಳು, ಕಟ್, ಚಪ್ಪಾಳೆ, ಚಾಕೊಲೇಟ್.

ನಿರ್ದೇಶಕನಿಗೆ ವಯಸ್ಸಾಯಿತು. ಮನೆಯಲ್ಲಿ ಒಬ್ಬಳು ಮೊಮ್ಮಗಳು. ಅವಳಿಗೆ ತಾತ ಎಂದರೆ ಪ್ರಾಣ. ತಾತ ಕಲಸಿ ಕೊಟ್ಟರೆ ಮಾತ್ರ ಊಟ, ತಾತ ಹೌದು ಎಂದರೆ ಮಾತ್ರ ಹೌದು. ಅವನ ಕೈಕೆಳಗೆ ಪಳಗಿದವನೊಬ್ಬ ಆಗ ಹೊಸ ಚಿತ್ರ ತೆಗೆಯುತ್ತಿದ್ದ. ಆ ಕಿರಿಯ ನಿರ್ದೇಶಕ ಬಂದು, "ಮಗುವನ್ನು ಕೊಡಿ, ನಿಮ್ಮ ಆಶೀರ್ವಾದ ಇದ್ದಂತಾಗುತ್ತದೆ" ಎಂದು ಕೇಳಿಕೊಂಡ. ಮುದುಕ ಹಿಗ್ಗಿ ಒಪ್ಪಿದ. ತಾನೂ ಹೋಗಿ ಕ್ಯಾಮೆರಾ ಹಿಂದೆ ಒಂದು ಕುರ್ಚಿಯಲ್ಲಿ ಕೂತ.

ಮಗು ಅಳುವ ಹೊತ್ತು ಬಂತು. ಕಿರಿಯವನು ಮಗುವಿನ ಕಿವಿಯಲ್ಲಿ ಏನೋ ಹೇಳಿದ. ಸುತ್ತ ತಲೆಗಳು ತಗ್ಗಿದವು. ಮಗು, "ತಾತಾ!" ಎಂದು ಕಿರುಚಿತು. ಮುದುಕನಿಗೆ ಕೇಳಬೇಕಾಗಿಯೇ ಇರಲಿಲ್ಲ, ಆ ಸುಳ್ಳಿನಲ್ಲಿ ಸತ್ತವನು ಯಾರೆಂದು ತಿಳಿದುಹೋಯಿತು. ಎದ್ದು ನಿಂತ. ಪಕ್ಕದಲ್ಲಿದ್ದವರು ಕೈ ಹಿಡಿದು, "ಸಾರ್, ಶಾಟ್ ಓಡ್ತಾ ಇದೆ" ಎಂದು ಪಿಸುಗುಟ್ಟಿದರು. ಶಾಟ್ ಓಡುವಾಗ ಅಲುಗಾಡಬಾರದು ಎಂದು ಊರಿಗೆಲ್ಲ ಕಲಿಸಿದವನೇ ಅವನಲ್ಲವೇ? ಮುದುಕ ಮತ್ತೆ ಕೂತುಬಿಟ್ಟ. ಕೂತುಬಿಟ್ಟನಲ್ಲ ಪುಣ್ಯಾತ್ಮ! ಅಳುತ್ತಿದ್ದ ಮಗು ತಲೆ ಎತ್ತಿದಾಗ ದೀಪಗಳ ಆಚೆ ಕುರ್ಚಿಯಲ್ಲಿ ತಾತ ಕೂತಿರುವುದು ಕಾಣಿಸಿತು.

ಕಟ್ ಆಯಿತು, ಚಪ್ಪಾಳೆ ಬಿತ್ತು. ಕಿರಿಯವನು ಬಂದು ಕಾಲಿಗೆ ಬಿದ್ದು, "ಎಲ್ಲ ನಿಮ್ಮಿಂದಲೇ ಕಲಿತದ್ದು" ಎಂದ. ಅವನ ಭಕ್ತಿ ನಿಜವಾದದ್ದೇ. ಮುದುಕ ಅವನನ್ನು ದಾಟಿ ಹೋಗಿ ಮೊಮ್ಮಗಳ ಮುಂದೆ ಮಂಡಿಯೂರಿದ.

"ಅವರು ಸುಳ್ಳು ಹೇಳಿದರು ಕಂದಾ. ನನಗೇನೂ ಆಗಿಲ್ಲ, ನೋಡು."

"ನೀವೂ ಅಲ್ಲೇ ಕೂತಿದ್ರಿ" ಎಂದಿತು ಮಗು.

ಅವತ್ತಿನಿಂದ ಅದು ತನ್ನ ಊಟವನ್ನು ತಾನೇ ಕಲಸಿಕೊಂಡು ತಿನ್ನತೊಡಗಿತು. ಸಿಟ್ಟಿನಿಂದಲ್ಲ. ತಾತನೂ ಎಲ್ಲರ ಹಾಗೆಯೇ ಎಂದು ಅದಕ್ಕೆ ಗೊತ್ತಾಗಿತ್ತು, ಅಷ್ಟೆ.

ಮುದುಕ ಆಮೇಲೆ ಸುಮ್ಮನಿರಲಿಲ್ಲ. ಕರೆದ ಕಡೆಯೆಲ್ಲ ಹೋಗಿ, ನಾನು ಮಾಡಿದ್ದು ತಪ್ಪು, ಮಕ್ಕಳಿಗೆ ಹಾಗೆ ಮಾಡಬೇಡಿ ಎಂದು ಕೈ ಮುಗಿದ. ಎಂಥ ವಿನಯ ನೋಡಿ ಎಂದು ಜನ ಶಾಲು ಹೊದಿಸಿದರು. ಅವನಿಗೆ ಶಾಲು ಹೊದಿಸಿದವರೇ ಮರುದಿನ ಸೆಟ್ಟಿಗೆ ಹೋಗಿ ಇನ್ನೊಂದು ಮಗುವಿನ ಕಿವಿಗೆ ಬಾಯಿ ಇಟ್ಟರು. ಹೇಳಿಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಆ ಕೊರಗಿನಲ್ಲೇ ಸೊರಗಿದ.

ಒಂದು ಬೆಳಿಗ್ಗೆ ಅವನು ನಿಜವಾಗಿ ತೀರಿಕೊಂಡ. ದೊಡ್ಡ ಮನುಷ್ಯ ನೋಡು, ಹಜಾರದ ತುಂಬ ಜನ. ಟೀವಿಯವರು ದೀಪ, ಕ್ಯಾಮೆರಾ ತಂದು ನಿಲ್ಲಿಸಿದರು. ಗಂಡಸರು ತಲೆ ತಗ್ಗಿಸಿ ನಿಂತರು. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಯಾರೋ ಮೊಮ್ಮಗಳನ್ನು ಕರೆತಂದು, ಕಿವಿಯಲ್ಲಿ, "ತಾತ ಹೋಗಿಬಿಟ್ಟರು ಪುಟ್ಟಾ" ಎಂದರು. ಮಗು ದೀಪಗಳನ್ನು ನೋಡಿತು, ಕ್ಯಾಮೆರಾ ನೋಡಿತು, ತಗ್ಗಿದ ತಲೆಗಳನ್ನು ನೋಡಿತು. ಅದರ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಎಂಥ ಕಲ್ಲು ಮನಸ್ಸಪ್ಪಾ ಎಂದು ಯಾರೋ ಗೊಣಗಿದರು. ಅದು ಬಹಳ ಹೊತ್ತು ಹಾಗೆಯೇ ನಿಂತಿತ್ತು. ಕೊನೆಗೆ ತಾತನ ಪಕ್ಕದಲ್ಲಿ ಕೂತು, ಬಗ್ಗಿ, ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿತು:

"ತಾತಾ, ಸಾಕು. ಕಟ್ ಅನ್ನಿ."

ಮೇಷ್ಟ್ರು ನಿಲ್ಲಿಸಿದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಆಮೇಲೆ?" ಎಂದ ಧರಣೇಂದ್ರ.

"ಆಮೇಲೇನು? ಸತ್ತವರು ಕಟ್ ಅನ್ನುತ್ತಾರೆಯೇ? ಮಗು ಕಾಯುತ್ತಾ ಕೂತಿತ್ತು." ಮೇಷ್ಟ್ರ ದನಿ ಒರಟಾಗಿತ್ತು. "ನಿನ್ನ ವಾದ ಸರಿಯೇ ಇದೆ. ಮುಂದೆ ಬಂದವರೆಲ್ಲ ಅವನನ್ನು ನೋಡಿಯೇ ಕಲಿತರು. ಅಷ್ಟು ಪ್ರಭಾವ ಬೀರಿದ ಬೇರೊಬ್ಬನನ್ನು ನಾನು ಕಾಣೆ. ಎದ್ದೇಳು, ನಿನಗೆ ಹೊತ್ತಾಯಿತು."

ಧರಣೇಂದ್ರ ಎದ್ದು ಚಪ್ಪಲಿ ಮೆಟ್ಟಿಕೊಂಡ. ಮೆಟ್ಟಿಲು ಇಳಿಯುತ್ತಿದ್ದವನನ್ನು ಮೇಷ್ಟ್ರು ಹಿಂದಿನಿಂದ ಕರೆದು ಕೇಳಿದರು:

"ನಾಳೆ ಆ ಹುಡುಗಿಗೆ ಯಾರು ಸತ್ತರು ಅಂತ ಹೇಳಬೇಕೆಂದಿದ್ದೀಯ, ಧರಣೇಂದ್ರ?"