ನೀಲಿಗೆ ತಿರುಗಿದ ನೀರು

ಹೊಳೆಯ ದಂಡೆಯಲ್ಲಿ ಧರಣೇಂದ್ರಯ್ಯ ಮೇಷ್ಟ್ರ ಪ್ರಯೋಗಶಾಲೆ. ಹೆಸರಿಗೆ ಪ್ರಯೋಗಶಾಲೆ, ನಡೆಯುತ್ತಿದ್ದದ್ದು ಮಾತ್ರ ಆಶ್ರಮದ ಹಾಗೆ. ಅಲ್ಲಿ ಮೀರಬಾರದ ನಿಯಮ ಒಂದೇ: ಕಾಯಿಸಿದ್ದನ್ನು ಬಿಸಿಯಲ್ಲೇ ಸೋಸಬೇಕು.

ಶಿಷ್ಯ ಇಂದುಧರ ವರ್ಷಗಟ್ಟಲೆ ಒದ್ದಾಡಿ ಒಂದು ಹಳದಿ ಪುಡಿ ಮಾಡಿದ್ದ. ಲೋಹ, ಇಂಗಾಲದ ಕೊಂಡಿ ಸೇರಿಸಿ ಕಟ್ಟಿದ ಚೌಕಟ್ಟು ಅದು. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು. ಕೋಣೆಯೊಳಗೆ ಪಾಲಿಆಕ್ಸೋಮೆಟಲೇಟ್ ಎಂಬ, ಮಾಲಿಬ್ಡಿನಮ್ ಲೋಹದ ಉಂಡೆ. ಬಣ್ಣದ ಕೊಳೆನೀರನ್ನು ತಿಳಿ ಮಾಡುವುದು ಉಂಡೆಯ ಕೆಲಸ. ಉಂಡೆ ನೀರಿಗೆ ಬಿದ್ದರೆ ಕುಡಿಯುವವರಿಗೆ ಕೇಡು; ಅದು ಹೊರಗೆ ಹೋಗದಂತೆ ಕಾಯುವುದು ಚೌಕಟ್ಟಿನ ಕೆಲಸ.

ಆ ಬೆಳಿಗ್ಗೆ ನೇಕಾರರ ಸಂಘದ ಗಂಗವ್ವ ಪುಡಿ ಒಯ್ಯಲು ಬಂದು ಜಗಲಿಯಲ್ಲಿ ಕೂತಿದ್ದಳು. ನೂಲಿಗೆ ಬಣ್ಣ ಹಾಕಿದ ಬಿಸಿನೀರಿನ ತೊಟ್ಟಿಗೆ ಅದನ್ನು ಹಾಕುವುದೆಂದು ಮಾತಾಗಿತ್ತು. ತೊಟ್ಟಿಯ ನೀರು ಹೋಗುವುದು ಹೊಳೆಗೆ. ಕೆಳಗಿನ ಕೇರಿಯವರು ಕುಡಿಯುವುದು ಅದೇ ಹೊಳೆಯ ನೀರನ್ನು.

"ಉಂಡೆ ಒಳಗೇ ಇರುತ್ತೇನಪ್ಪ?" ಮೇಷ್ಟ್ರು ಕೇಳಿದರು.

"ಇರುತ್ತೆ ಸಾರ್. ಬಿಸಿಯಲ್ಲೇ ಸೋಸಿ ನೋಡಿದ್ದೀನಿ."

ಬಿಸಿಯಲ್ಲೋ ಆರಿದ ಮೇಲೋ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಮೇಷ್ಟ್ರು ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ ಕಾಯಿಸಿದರು. ಅರ್ಧವನ್ನು ಬಿಸಿಬಿಸಿಯಾಗಿ ಸೋಸಿದರು. ಉಳಿದದ್ದನ್ನು ಕಿಟಕಿಯಲ್ಲಿಟ್ಟು, ಆರಿದ ಮೇಲೆ ಸೋಸಿದರು. ಎರಡು ಗಾಜಿನ ಲೋಟಗಳಲ್ಲೂ ನೀರು ತಿಳಿಯಾಗಿಯೇ ಕಂಡಿತು.

ಇಂದುಧರನಿಗೆ ಹೋದ ಜೀವ ಬಂದಂತಾಯಿತು.

ಮೇಷ್ಟ್ರು ಎರಡಕ್ಕೂ ವಿಟಮಿನ್ ಸಿ ಪುಡಿ ಉದುರಿಸಿ ಬೆಚ್ಚಗೆ ಮಾಡಿದರು. ಆರಿಸಿ ಸೋಸಿದ ನೀರು ಹಾಗೇ ಇತ್ತು. ಬಿಸಿಯಲ್ಲಿ ಸೋಸಿದ್ದು ಮೆಲ್ಲಗೆ ನೀಲಿಗೆ ತಿರುಗಿತು. ನೀರಿಗೆ ಉಂಡೆ ಬಿದ್ದಿದ್ದರೆ ಮಾತ್ರ ಬರುವ ನೀಲಿ ಅದು.

ಇಂದುಧರನಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಕಾದಾಗ ಹೊರಗೆ ಬರುತ್ತೆ ಸಾರ್, ಆರಿದಾಗ ಒಳಗೆ ಸೇರಿಕೊಳ್ಳುತ್ತೆ. ನನಗೆ ಗೊತ್ತಿತ್ತು. ಒಂದ್ಸಲ ಬಿಸಿಯಲ್ಲಿ ಸೋಸಿದಾಗ ನೀಲಿ ಬಂದಿತ್ತು, ಚೆಲ್ಲಿಬಿಟ್ಟೆ. ಗಂಗವ್ವನವರಿಗೆ ಆಗಲೇ ಮಾತು ಕೊಟ್ಟಾಗಿತ್ತು. ಆಮೇಲೆ ಆರಿಸಿಯೇ ಸೋಸಿದೆ."

ಮೇಷ್ಟ್ರು ನೀಲಿ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಬೈದುಬಿಡಿ ಸಾರ್."

"ಬೈದರೆ ನಿನಗೆ ಹಗುರಾಗುತ್ತೆ."

ಜಗಲಿಯಿಂದ ಗಂಗವ್ವನ ದನಿ ಕೇಳಿತು. "ಸರ್ರ, ಹೊತ್ತಾತ್ರಿ. ಪುಡಿ ಕೊಟ್ರ ಹೊಂಡ್ತೇವಿ. ನಿಮ್ಮ ಹುಡುಗನ ಹೆಸರು ಹೇಳಿ ನಿನ್ನೆ ಓಣಿಗೆಲ್ಲಾ ಸಕ್ಕರಿ ಹಂಚೀವ್ರಿ!"

ಆ ಮಾತು ಕೇಳಿ ಇಂದುಧರ ಕುಗ್ಗಿಹೋದ. ಬೈಗುಳಕ್ಕೆ ಅವನು ಸಿದ್ಧನಿದ್ದ, ಸಕ್ಕರೆಗೆ ಸಿದ್ಧನಿರಲಿಲ್ಲ. ಕಣ್ಣು ತುಂಬಿ ಬಂತು.

"ಏನೋ ಒಂದು ನೆಪ ಹೇಳಿ ಕಳಿಸಿಬಿಡಿ ಸಾರ್. ಪುಡಿ ಇನ್ನೂ ಆಗಿಲ್ಲ ಅನ್ನಿ."

ಮೇಷ್ಟ್ರು ನೀಲಿ ನೀರಿನ ಲೋಟವನ್ನು ಅವನ ಕೈಗಿಟ್ಟರು. ಅದಿನ್ನೂ ಬೆಚ್ಚಗಿತ್ತು.

"ಈಗಲೇ ಬೇಡ ಸಾರ್," ಇಂದುಧರ ಗೋಗರೆದ. "ಅವರ ಮುಖ ನೋಡೋಕೆ ನಾಚಿಕೆಯಾಗ್ತಿದೆ. ನಾಳೆ ನಾನೇ ಅವರ ಓಣಿಗೆ ಹೋಗಿ ಎಲ್ಲ ಹೇಳ್ತೀನಿ. ಮನಸ್ಸು ಒಂಚೂರು ತಣ್ಣಗಾಗಲಿ."

ಮೇಷ್ಟ್ರು ಹೋಗಿ ಜಗಲಿಯ ಬಾಗಿಲು ತೆಗೆದರು.

"ತಣ್ಣಗಾದ ಮೇಲೆ ಏನೂ ಕಾಣಿಸಲ್ಲಪ್ಪ. ಬಿಸಿಯಲ್ಲೇ ಸೋಸು."